ಚರ್ಮದ ಕ್ಯಾನ್ಸರ್: ಎಲ್ಲಿ ಹೆಚ್ಚು, ಏಕೆ ಹೆಚ್ಚು, ನಮಗೇನು ಪಾಠ?

ಕ್ಯಾನ್ಸರ್ ಎಂದೊಡನೆ ನಮ್ಮ ಕಡೆಯ ಜನರಿಗೆ ನೆನಪಾಗುವುದು ಬಾಯಿ, ಗಂಟಲು, ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರುಗಳು. ಚರ್ಮಕ್ಕೂ ಈ ರೋಗ ಬರುತ್ತದೆಂಬುದನ್ನು ಕೇಳಿದವರು ಕಡಿಮೆ. ಆದರೆ ಪ್ರಪಂಚದ ಲೆಕ್ಕ ತೆಗೆದು ನೋಡಿದರೆ ಅತಿ ಹೆಚ್ಚು ಮಂದಿಗೆ ಬರುವ ಕ್ಯಾನ್ಸರುಗಳ ಗುಂಪು ಚರ್ಮದ್ದೇ. 2022ರ ಒಂದೇ ವರ್ಷದಲ್ಲಿ 15 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದಾರೆ. ಅತಿ ಸಾಮಾನ್ಯವಾದ ಒಂದು ಬಗೆಯನ್ನು ಬಹುತೇಕ ದೇಶಗಳು ಲೆಕ್ಕಕ್ಕೇ ಹಿಡಿಯುವುದಿಲ್ಲವಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಈ ವಿಷಯ ಏಕೆ ಎಂದು ಸದಸ್ಯರು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದಾಗಿ, ಇದು ಬಯಲಿನಲ್ಲಿ ದುಡಿಯುವವರ ರೋಗ. ಬೇಸಾಯಗಾರರ ಚರ್ಮದ ಮೇಲೆ ಇದರ ಇತಿಹಾಸವೆಲ್ಲ ಬರೆದಿದೆ. ಎರಡನೆಯದಾಗಿ, ಈ ರೋಗ ನಮ್ಮಲ್ಲಿ ಅಪರೂಪ. ಅಪರೂಪವಾದುದರಿಂದಲೇ ಯಾರೂ ಸಂಶಯಪಡುವುದಿಲ್ಲ. ಸಂಶಯಪಡದೆ ಇರುವುದರಿಂದ ಗುಣವಾಗಬಹುದಾದ ರೋಗಿ ತಡವಾಗಿ ಆಸ್ಪತ್ರೆ ಸೇರುತ್ತಾನೆ. ಈ ಎರಡನೆಯ ಮಾತನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಮುಖ್ಯ ಉದ್ದೇಶ.

ಮೂರು ಬಗೆ

ನಮ್ಮ ಹೊರಚರ್ಮದ ತಳದಲ್ಲಿ ಒಂದು ಸಾಲು ಜೀವಕೋಶಗಳಿವೆ. ಇವು ಸದಾ ಮರಿ ಮಾಡುತ್ತಿರುತ್ತವೆ. ಹೊಸ ಕೋಶಗಳು ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಬಂದವು ಚಪ್ಪಟೆಯಾಗಿ, ಒಣಗಿ, ಹೊಟ್ಟಾಗಿ ಉದುರುತ್ತವೆ. ತಳದ ಸಾಲಿನ ನಡುನಡುವೆ ಬಣ್ಣ ತಯಾರಿಸುವ ಕೋಶಗಳಿವೆ. ಅವು ತಯಾರಿಸುವ ಬಣ್ಣಕ್ಕೆ ಮೆಲನಿನ್ ಎಂದು ಹೆಸರು.

ತಳದ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಬಿಳಿಯರಲ್ಲಿ ಅತಿ ಸಾಮಾನ್ಯ. ಇದು ಮುಖದಲ್ಲಿ ಮುತ್ತಿನಂತಹ ಸಣ್ಣ ಗಂಟಾಗಿ ತೋರಿ, ನಿಧಾನವಾಗಿ ಹುಣ್ಣಾಗಿ, ಇದ್ದ ಕಡೆಯೇ ಕೊರೆಯುತ್ತದೆ. ದೇಹದ ಬೇರೆ ಭಾಗಕ್ಕೆ ಹಬ್ಬುವುದು ತೀರ ಅಪರೂಪ. ಮೇಲಿನ ಚಪ್ಪಟೆ ಕೋಶಗಳದ್ದು ಎರಡನೆಯ ಬಗೆ. ಇದು ಗಡಸು ಗಂಟಾಗಿ ಅಥವಾ ಅಂಚು ದಪ್ಪವಾದ ಹುಣ್ಣಾಗಿ ಬೆಳೆಯುತ್ತದೆ. ಬಿಟ್ಟರೆ ಕಂಕುಳು, ತೊಡೆಸಂದುಗಳ ಗ್ರಂಥಿಗಳಿಗೆ ಹಬ್ಬಬಲ್ಲದು. ಬಣ್ಣದ ಕೋಶಗಳಿಂದ ಹುಟ್ಟುವ ಮೂರನೆಯದು ಮೆಲನೋಮ. ಸಂಖ್ಯೆಯಲ್ಲಿ ಇದು ಕಡಿಮೆ, ಅಪಾಯದಲ್ಲಿ ಎಲ್ಲಕ್ಕಿಂತ ಮುಂದೆ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ 30 ಸಾವಿರ ಮಂದಿಗೆ ಮೆಲನೋಮ ಬಂದಿತು. ಸುಮಾರು 59 ಸಾವಿರ ಮಂದಿ ಅದರಿಂದ ತೀರಿಕೊಂಡರು.

ಬಿಸಿಲು ಮತ್ತು ನೆರಳು

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವು ಚರ್ಮದ ಕೋಶದೊಳಗಿನ ಡಿ.ಎನ್.ಎ. ಎಂಬ ಆನುವಂಶಿಕ ಎಳೆಗೆ ಪೆಟ್ಟು ಕೊಡುತ್ತವೆ. ಕೋಶ ಅದನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಕೆಲವು ತಪ್ಪುಗಳು ಉಳಿದುಬಿಡುತ್ತವೆ. ಹೀಗೆ ಉಳಿದ ತಪ್ಪುಗಳು ಕೂಡಿ ಒಂದು ದಿನ ಕೋಶ ಅಂಕೆ ತಪ್ಪಿ ಬೆಳೆಯತೊಡಗುತ್ತದೆ. ಬಾಲ್ಯದಲ್ಲಿ ತಿಂದ ಬಿಸಿಲಿನ ಫಲ ಐವತ್ತು ಅರವತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಮೆಲನಿನ್ ಮಾಡುವ ಕೆಲಸವನ್ನು ತೋಟಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡಕ್ಕೆ ನೆರಳಿನ ಮರ ಹೇಗೋ ಕೋಶದ ಕೇಂದ್ರಕ್ಕೆ ಮೆಲನಿನ್ ಹಾಗೆ. ಕರಿಯರಿಗೂ ಬಿಳಿಯರಿಗೂ ಬಣ್ಣದ ಕೋಶಗಳ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ; ಅವು ತಯಾರಿಸುವ ಬಣ್ಣದ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಎರಡು ತೋಟದಲ್ಲೂ ಮರಗಳ ಸಂಖ್ಯೆ ಒಂದೇ, ಒಂದರಲ್ಲಿ ಮಾತ್ರ ಮರಗಸಿ ವಿಪರೀತವಾಗಿದೆ ಎಂದಂತೆ. ಚಿಕ್ಕಮಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರ ಸುಮಾರು 27 ಡಿಗ್ರಿ ದಕ್ಷಿಣಕ್ಕಿದೆ. ಬಿಸಿಲಿನ ಕಿರಣದ ತೀಕ್ಷ್ಣತೆಯಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಆದರೂ ರೋಗ ಅಲ್ಲಿ ಮನೆಮನೆಯ ಮಾತು, ಇಲ್ಲಿ ಅಪರೂಪ. ಭೇದ ಇರುವುದು ಚರ್ಮದ ಬಣ್ಣದಲ್ಲಿ.

ಆಸ್ಟ್ರೇಲಿಯದ ಕಥೆ

ಆಸ್ಟ್ರೇಲಿಯದ ಮೂಲನಿವಾಸಿಗಳು ಸಾವಿರಾರು ವರ್ಷ ಆ ಬಿಸಿಲಿನಲ್ಲಿ ಬದುಕಿದವರು. ಅವರಲ್ಲಿ ಈ ರೋಗ ಕಡಿಮೆ. 1788ರ ನಂತರ ಬ್ರಿಟನ್, ಐರ್ಲೆಂಡುಗಳ ಮಂದ ಬಿಸಿಲಿಗೆ ಒಗ್ಗಿದ ಬಿಳಿ ಚರ್ಮದ ಜನ ಅಲ್ಲಿ ನೆಲೆಸಿ, ಕುರಿ ಮೇಯಿಸಿ, ಕಬ್ಬು ಗೋಧಿ ಬೆಳೆದರು. ನರ್ಸರಿಯ ನೆರಳಿನಲ್ಲಿದ್ದ ಸಸಿಯನ್ನು ಒಮ್ಮೆಗೇ ಬಯಲಿಗೆ ನೆಟ್ಟಂತಾಯಿತು. ಫಲವಾಗಿ ಇಂದು ಆ ದೇಶದ ಪ್ರತಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆಂದು ಅಂದಾಜು ಮಾಡಿದ್ದಾರೆ. ಉತ್ತರಕ್ಕೆ, ಎಂದರೆ ಭೂಮಧ್ಯರೇಖೆಯ ಕಡೆಗೆ ಹೋದಂತೆ ರೋಗ ಹೆಚ್ಚು. ಕಬ್ಬಿನ ನಾಡಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಮೆಲನೋಮದಲ್ಲಿ ಮುಂದೆ. ಅಕ್ಷಾಂಶಕ್ಕೂ ಮೆಲನೋಮ ಸಾವಿಗೂ ಇರುವ ಈ ಸಂಬಂಧವನ್ನು ಹೆನ್ರಿ ಲಂಕಾಸ್ಟರ್ ಎಂಬ ಅಲ್ಲಿಯ ಸಂಖ್ಯಾಶಾಸ್ತ್ರಜ್ಞರು 1956ರಲ್ಲಿಯೇ ತೋರಿಸಿಕೊಟ್ಟಿದ್ದರು.

ಇಷ್ಟು ಮಂದಿಗೆ ಒಂದು ರೋಗ ಬಂದರೆ ಜನಸಮುದಾಯದ ಮೇಲೆ ಆಗುವ ಪರಿಣಾಮವೇನು? ಸಾವಿನ ಲೆಕ್ಕ ಅದರ ಒಂದು ಭಾಗ ಮಾತ್ರ. ಸುಮಾರು 2 ಕೋಟಿ 70 ಲಕ್ಷ ಜನರಿರುವ ಆ ದೇಶದಲ್ಲಿ ವರ್ಷಕ್ಕೆ 16 ಸಾವಿರಕ್ಕೂ ಹೆಚ್ಚು ಮೆಲನೋಮ ಪತ್ತೆಯಾಗುತ್ತದೆ. ಸುಮಾರು 1,300 ಮಂದಿ ಅದರಿಂದ ಸಾಯುತ್ತಾರೆ. ಉಳಿದ ಎರಡು ಬಗೆಗಳಿಗೆ ವರ್ಷಕ್ಕೆ 10 ಲಕ್ಷಕ್ಕೂ ಮಿಕ್ಕಿ ಚಿಕಿತ್ಸೆಗಳು ನಡೆಯುತ್ತವೆ. ಒಬ್ಬನ ಮೂಗಿನ ಮೇಲಿನ ಗಂಟು, ಇನ್ನೊಬ್ಬನ ಕಿವಿಯ ಮೇಲಿನ ಹುಣ್ಣು, ಹೀಗೆ ಒಂದೊಂದೂ ಸಣ್ಣದೇ. ಆದರೆ ಎಲ್ಲ ಕೂಡಿದಾಗ ಸರ್ಕಾರದ ಬೊಕ್ಕಸಕ್ಕೆ ಅತಿ ಹೆಚ್ಚು ಖರ್ಚು ತರುವ ಕ್ಯಾನ್ಸರುಗಳ ಸಾಲಿಗೆ ಇದು ಸೇರುತ್ತದೆ. ಪ್ರಾಣ ತೆಗೆಯದ ರೋಗವೂ ಒಂದು ದೇಶಕ್ಕೆ ಹೊರೆಯಾಗಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಅವರು ಕೈಕಟ್ಟಿ ಕೂರಲಿಲ್ಲ

1981ರಲ್ಲಿ ವಿಕ್ಟೋರಿಯ ರಾಜ್ಯದ ಕ್ಯಾನ್ಸರ್ ನಿರೋಧ ಮಂಡಳಿ ಒಂದು ಪ್ರಚಾರ ಪ್ರಾರಂಭಿಸಿತು. ಸಿಡ್ ಎಂಬ ಕಡಲಹಕ್ಕಿಯ ಚಿತ್ರ ಮಾಡಿ, ಅದರ ಬಾಯಲ್ಲಿ ಮೂರು ಮಾತಿನ ಒಂದು ಹಾಡು ಹಾಡಿಸಿದರು. ಅದರ ಅರ್ಥ ಇಷ್ಟೇ: ಅಂಗಿ ತೊಡಿ, ಲೇಪ ಹಚ್ಚಿ, ಹ್ಯಾಟು ಇಡಿ. ಮಕ್ಕಳ ಬಾಯಲ್ಲೆಲ್ಲ ಇದು ನಿಂತಿತು. ಹ್ಯಾಟಿಲ್ಲದೆ ಆಟವಿಲ್ಲ ಎಂಬುದು ಶಾಲೆಗಳಲ್ಲಿ ನಿಯಮವಾಯಿತು. ಮೈ ಕಂದು ಮಾಡಿಕೊಳ್ಳಲು ಕೃತಕ ಕಿರಣ ಹಾಯಿಸುವ ಅಂಗಡಿಗಳನ್ನು 2015 ಮತ್ತು 2016ರಲ್ಲಿ ಎಲ್ಲ ರಾಜ್ಯಗಳೂ ಮುಚ್ಚಿಸಿದವು.

ಲೇಪದಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬುದನ್ನು ಪರೀಕ್ಷಿಸಿದ್ದೂ ಅಲ್ಲಿಯೇ. ಕ್ವೀನ್ಸ್‌ಲ್ಯಾಂಡಿನ ನಂಬೂರ್ ಎಂಬುದು ಸಕ್ಕರೆ ಗಿರಣಿಯಿದ್ದ ಸಣ್ಣ ಪೇಟೆ. 1992ರಿಂದ 1996ರವರೆಗೆ ಅಲ್ಲಿಯ 1,621 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ಒಂದು ಪಂಗಡ ದಿನವೂ ಮುಖ, ಕುತ್ತಿಗೆ, ಕೈಗಳಿಗೆ ಬಿಸಿಲು ತಡೆಯುವ ಲೇಪ ಹಚ್ಚಬೇಕು. ಇನ್ನೊಂದು ಪಂಗಡ ತನ್ನ ಇಷ್ಟದಂತೆ ನಡೆಯಬಹುದು. ನಾಲ್ಕೂವರೆ ವರ್ಷದ ಕೊನೆಗೆ ದಿನವೂ ಹಚ್ಚಿದವರಲ್ಲಿ ಚಪ್ಪಟೆ ಕೋಶದ ಕ್ಯಾನ್ಸರ್ ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಗಿತ್ತು. ಮತ್ತೆ ಹತ್ತು ವರ್ಷ ಬಿಟ್ಟು ಲೆಕ್ಕ ಹಾಕಿದಾಗ ಮೆಲನೋಮ ಒಂದು ಪಂಗಡದಲ್ಲಿ 22, ದಿನವೂ ಹಚ್ಚಿದ್ದವರಲ್ಲಿ 11. ಪೇಟೆಯ ಸಾಮಾನ್ಯ ಜನರು ಇಷ್ಟು ಶ್ರದ್ಧೆಯಿಂದ ಸಹಕರಿಸಿದ್ದರಿಂದ ಇಡೀ ಪ್ರಪಂಚಕ್ಕೆ ಉತ್ತರ ಸಿಕ್ಕಿತು.

ಇಂದು ಅಲ್ಲಿ 40ಕ್ಕಿಂತ ಕೆಳಗಿನ ವಯಸ್ಸಿನವರಲ್ಲಿ ಮೆಲನೋಮ ಇಳಿಮುಖವಾಗಿದೆ. ಹಾಡು ಕೇಳಿ ಬೆಳೆದ ತಲೆಮಾರು ಅದು. ಮೆಲನೋಮ ಚಿಕಿತ್ಸೆಯಲ್ಲಿ ಹೊಸ ದಾರಿ ತೋರಿಸಿದ ಜಾರ್ಜಿನಾ ಲಾಂಗ್ ಮತ್ತು ರಿಚರ್ಡ್ ಸ್ಕೋಲಿಯರ್ ಎಂಬ ಇಬ್ಬರು ವೈದ್ಯರನ್ನು 2024ರಲ್ಲಿ ಆ ದೇಶ ವರ್ಷದ ಶ್ರೇಷ್ಠ ಪ್ರಜೆಗಳೆಂದು ಗೌರವಿಸಿತು.

ದುಡಿಯುವವರ ರೋಗ

ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ಮೊದಲು ತಿಳಿದದ್ದೇ ಚರ್ಮದ ಕ್ಯಾನ್ಸರಿನಿಂದ. 1775ರಲ್ಲಿ ಲಂಡನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಹೊಗೆಗೂಡು ಗುಡಿಸುವವರ ವೃಷಣದ ಚರ್ಮಕ್ಕೆ ಮಸಿಯಿಂದ ಬರುವ ಹುಣ್ಣನ್ನು ವರ್ಣಿಸಿದರು. ಎಳೆಯ ವಯಸ್ಸಿನಲ್ಲಿ ಗೂಡಿಗಿಳಿದ ಬಡ ಹುಡುಗರು ದೊಡ್ಡವರಾದ ಮೇಲೆ ಇದಕ್ಕೆ ತುತ್ತಾಗುತ್ತಿದ್ದರು.

ಬಿಸಿಲಿನ ವಿಷಯದಲ್ಲಿ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ ಒಂದು ಲೆಕ್ಕ ಪ್ರಕಟಿಸಿದವು. ಮೆಲನೋಮ ಬಿಟ್ಟು ಉಳಿದ ಚರ್ಮದ ಕ್ಯಾನ್ಸರುಗಳಿಂದ ಆಗುವ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಬಯಲಿನಲ್ಲಿ ಬಿಸಿಲಿಗೆ ದುಡಿಯುವುದರಿಂದ ಬರುತ್ತದೆ. 2019ರಲ್ಲಿ ಇಂತಹ ಸಾವುಗಳು ಸುಮಾರು 19 ಸಾವಿರ.

ತೋಟಗಾರರು ಮರೆಯಬಾರದ ಇನ್ನೊಂದು ಪ್ರಸಂಗವಿದೆ. ಜರ್ಮನಿಯ ಮೋಸೆಲ್ ನದಿಯ ಕಣಿವೆಯಲ್ಲಿ ದ್ರಾಕ್ಷಿ ಬೆಳೆಗಾರರು 1920ರ ದಶಕದಿಂದ ಕೀಟನಾಶಕ್ಕೆ ಆರ್ಸೆನಿಕ್ ಸೇರಿದ ಔಷಧಿ ಹೊಡೆಯುತ್ತಿದ್ದರು. ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದುದು ಇದನ್ನೇ. 1942ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ಹೊಡೆದವರ ಅಂಗೈ ಅಂಗಾಲುಗಳಲ್ಲಿ ಗಡಸು ಗಂಟುಗಳು, ಮೈಮೇಲೆ ಚರ್ಮದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಹತ್ತಾರು ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತಲೇ ಇದ್ದವು. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಮೈಲುತುತ್ತ ತಾಮ್ರದ ಲವಣ, ಪಾಷಾಣವಲ್ಲ. ಸದಸ್ಯರು ಗಾಬರಿಪಡಬೇಕಾಗಿಲ್ಲ. ಆದರೆ ಇಂದು ಹೊಡೆದುದರ ಲೆಕ್ಕ ಮೂವತ್ತು ವರ್ಷದ ನಂತರ ಬರಬಹುದು ಎಂಬ ಪಾಠ ಎಲ್ಲ ಔಷಧಿಗಳಿಗೂ ಅನ್ವಯಿಸುತ್ತದೆ. ಕೈಗವಸು, ತುಂಬು ತೋಳಿನ ಅಂಗಿ, ಕೆಲಸವಾದ ಮೇಲೆ ಸಾಬೂನಿನ ಸ್ನಾನ, ಇವು ದುಂದುವೆಚ್ಚವಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ್ದು ನೂರಕ್ಕೆ ಒಂದೆರಡು ಮಾತ್ರ. ಬಾಯಿಯ ಕ್ಯಾನ್ಸರಿನ ಮುಂದೆ ಇದು ಏನೂ ಅಲ್ಲ. ಆದರೆ ಬರುವುದು ಬಿಸಿಲಿನ ದಾರಿಯಿಂದಲೇ ಆಗಬೇಕಾಗಿಲ್ಲ.

ಕಾಶ್ಮೀರದಲ್ಲಿ ಚಳಿಗಾಲಕ್ಕೆ ಜನ ಬೆತ್ತದ ಬುಟ್ಟಿಯಲ್ಲಿಟ್ಟ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಹಿಡಿದುಕೊಳ್ಳುತ್ತಾರೆ. ಅದಕ್ಕೆ ಕಾಂಗ್ಡಿ ಎಂದು ಹೆಸರು. ವರ್ಷಗಟ್ಟಲೆ ಆ ಶಾಖ ತಾಗಿದ ತೊಡೆ, ಕಿಬ್ಬೊಟ್ಟೆಗಳಲ್ಲಿ ಕ್ಯಾನ್ಸರ್ ಬರುವುದನ್ನು 1866ರಷ್ಟು ಹಿಂದೆಯೇ ಡಾ. ಎಲ್ಮ್‌ಸ್ಲಿ ಎಂಬ ಮಿಷನ್ ವೈದ್ಯರು ಬರೆದರು. ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ 1945ರಲ್ಲಿ ಸೊಂಟಕ್ಕೆ ಬಿಗಿದು ಕಟ್ಟುವ ಧೋತರದ ತಿಕ್ಕಾಟದಿಂದ ಬರುವ ಕ್ಯಾನ್ಸರನ್ನು ವರ್ಣಿಸಿದರು. ಸೀರೆಯ ಒಳಲಂಗದ ಲಾಡಿ ಕೊರೆದ ಕಡೆಯಲ್ಲೂ ಇದು ಬಂದದ್ದುಂಟು.

ಹಳೆಯ ಸುಟ್ಟ ಗಾಯದ ಕಲೆ ಇನ್ನೊಂದು ದಾರಿ. ಸರಿಯಾಗಿ ಮಾಯದೆ ಒಡೆದು ಒಡೆದು ಹುಣ್ಣಾಗುವ ಕಲೆಯಲ್ಲಿ, ಬಹುಕಾಲದ ಕಾಲಿನ ವ್ರಣದಲ್ಲಿ, ಸರಾಸರಿ ಮೂವತ್ತು ವರ್ಷದ ಮೇಲೆ ಕ್ಯಾನ್ಸರ್ ಹುಟ್ಟಬಹುದು. ಮಾರ್ಜೊಲಿನ್ ಎಂಬ ಫ್ರೆಂಚ್ ಶಸ್ತ್ರವೈದ್ಯರ ಹೆಸರಿನಿಂದ ಇದನ್ನು ಕರೆಯುತ್ತಾರೆ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ದುಡಿಯುವ ನಮ್ಮ ಮನೆಗಳಲ್ಲಿ ಸುಟ್ಟ ಕಲೆ ಅಪರೂಪವಲ್ಲ.

ಕುಡಿಯುವ ನೀರಿನ ಆರ್ಸೆನಿಕ್ ಮತ್ತೊಂದು. 1983ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಡಾ. ಕೆ. ಸಿ. ಸಹಾ ಅವರು ಅಂಗೈ ಅಂಗಾಲು ಗಡಸಾದ ಹಳ್ಳಿಗರನ್ನು ಕಂಡು ಕಾರಣ ಹುಡುಕಿದರು. ಅದು ಕೊಳವೆಬಾವಿಯ ನೀರಾಗಿತ್ತು. ನಮ್ಮ ರಾಜ್ಯದಲ್ಲೂ ಇಂದಿನ ಯಾದಗಿರಿ ಜಿಲ್ಲೆಯ ಚಿನ್ನದ ಅದಿರಿನ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಂತಹ ಚರ್ಮದ ಲಕ್ಷಣಗಳು ಕಂಡುಬಂದವು. ಲೀಟರಿಗೆ 0.01 ಮಿಲಿಗ್ರಾಂ ಮೀರಿದ ಆರ್ಸೆನಿಕ್ ಕುಡಿಯುವ ನೀರಿನಲ್ಲಿ ಇರಬಾರದು.

ಅಂಗಾಲನ್ನು ಯಾರು ನೋಡುತ್ತಾರೆ?

ಕಪ್ಪು ಚರ್ಮದವರಿಗೆ ಮೆಲನೋಮ ಬಂದರೆ ಅದು ಹೆಚ್ಚಾಗಿ ಬಿಸಿಲು ಕಾಣದ ಜಾಗದಲ್ಲಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಮೆಲನೋಮ ಪತ್ತೆಯಾಯಿತು. ಮೊದಲು ಅದನ್ನು ಕಾಲ್ಚೆಂಡಾಟದ ಪೆಟ್ಟೆಂದು ಭಾವಿಸಿದ್ದರಂತೆ. 1981ರಲ್ಲಿ, 36ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಮೆರಿಕೆಯ ಲೆಕ್ಕದ ಪ್ರಕಾರ ಮೆಲನೋಮ ಬಂದ ಬಿಳಿಯರಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 94. ಕರಿಯರಲ್ಲಿ ಸುಮಾರು 70. ಬಿಳಿಯನಿಗೆ ಮಚ್ಚೆ ಬಣ್ಣಗೆಟ್ಟ ದಿನವೇ ಅನುಮಾನ ಹುಟ್ಟುತ್ತದೆ. ಕರಿಯನಿಗೂ ಅವನ ವೈದ್ಯನಿಗೂ ಹುಟ್ಟುವುದಿಲ್ಲ. ಚರ್ಮದಲ್ಲೇ ಇರುವಾಗ ಕತ್ತರಿಸಿ ತೆಗೆದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ದೂರದ ಅಂಗಕ್ಕೆ ಹಬ್ಬಿದ ಮೇಲೆ ಹೊಸ ಔಷಧಿಗಳಿದ್ದರೂ ಐದು ವರ್ಷ ದಾಟುವವರು ಮೂವರಲ್ಲಿ ಒಬ್ಬರಷ್ಟೆ. ಬಿಳಿ ಕಾಂಡಕೊರಕ ಹಿಡಿದ ಗಿಡವನ್ನು ಹೊತ್ತಿಗೆ ಗುರುತಿಸಿ ತೆಗೆಯದಿದ್ದರೆ ಏನಾಗುತ್ತದೆಂದು ಅರೇಬಿಕಾ ಬೆಳೆಗಾರರು ಬಲ್ಲರು. ಇಲ್ಲಿಯೂ ಹೊತ್ತು ಮೀರುವುದೇ ನಷ್ಟ.

ಸದಸ್ಯರು ಮಾಡತಕ್ಕದ್ದು

1. ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಅಂಗಾಲು, ಬೆರಳ ಸಂದು, ಉಗುರು ನೋಡಿಕೊಳ್ಳಿ. ಹೊಸ ಕಪ್ಪು ಕಲೆ, ದೊಡ್ಡದಾಗುತ್ತಿರುವ ಅಥವಾ ಅಂಚು ಸೊಟ್ಟಾದ ಮಚ್ಚೆ, ರಕ್ತ ಜಿನುಗುವ ಗಂಟು, ಪೆಟ್ಟಿಲ್ಲದೆ ಉಗುರಿನಲ್ಲಿ ಎದ್ದ ಕಪ್ಪು ಗೆರೆ ಕಂಡರೆ ವೈದ್ಯರಿಗೆ ತೋರಿಸಿ. ವಯಸ್ಸಾದವರ ಕಾಲನ್ನು ಮನೆಯವರು ನೋಡಬೇಕು.

2. ಇಂಬಳ ಕಚ್ಚಿದ್ದು, ಮುಳ್ಳು ತಾಗಿದ್ದು, ಕತ್ತಿಯ ಗಾಯ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮಾಯಬೇಕು. ಒಂದು ತಿಂಗಳು ಕಳೆದರೂ ಮಾಯದ ಹುಣ್ಣಿಗೆ ಕಾರಣ ಹುಡುಕಬೇಕು. ಸಕ್ಕರೆ ಕಾಯಿಲೆಯೇ ಇರಬಹುದು, ಬೇರೆಯೂ ಇರಬಹುದು. ಚೂರು ತೆಗೆದು ಪರೀಕ್ಷಿಸೋಣವೆಂದು ವೈದ್ಯರು ಹೇಳಿದರೆ ಹಿಂಜರಿಯಬೇಡಿ. ಚೂರು ತೆಗೆದರೆ ರೋಗ ಹರಡುತ್ತದೆಂಬುದು ತಪ್ಪು ತಿಳಿವಳಿಕೆ.

3. ಮಚ್ಚೆ, ನರುಲೆಗಳನ್ನು ಸುಣ್ಣ ಅಥವಾ ಗೇರಿನ ಸೊನೆ ಹಚ್ಚಿ ಸುಡಬೇಡಿ. ಪರೀಕ್ಷಿಸಬೇಕಾದುದೇ ಸುಟ್ಟುಹೋಗುತ್ತದೆ.

4. ಹುಟ್ಟಿನಿಂದಲೇ ಮೈ, ಕೂದಲು ಬಿಳಿಯಾಗಿರುವ ಮಕ್ಕಳಿಗೆ ಮೆಲನಿನ್ನಿನ ನೆರಳೇ ಇಲ್ಲ. ಆಸ್ಟ್ರೇಲಿಯದ ಮೂರು ನಿಯಮಗಳೂ ಅವರಿಗೆ ಪೂರ್ತಿಯಾಗಿ ಬೇಕು. ನಡುಹಗಲು ಕಣದ ಕೆಲಸಕ್ಕೆ ಅವರನ್ನು ಹಚ್ಚಬಾರದು. ತೊನ್ನು ಬೇರೆ ವಿಷಯ. ತೊನ್ನಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆಂಬ ಭಯ ಬೇಡ.

5. ನಮ್ಮಂತಹ ಮೈಬಣ್ಣದವರು ಕ್ಯಾನ್ಸರಿನ ಭಯದಿಂದ ದುಬಾರಿ ಲೇಪ ಕೊಳ್ಳಬೇಕಾದ ಅಗತ್ಯವಿಲ್ಲ. ಆದರೆ ಕಾಫಿ ಒಣಗಿಸುವ ಕಣದಲ್ಲಿ ದಿನವಿಡೀ ನಿಲ್ಲುವವರಿಗೆ ತಲೆಗೆ ಅಂಚು ಅಗಲವಾದ ಟೋಪಿ, ನಡುಹಗಲಿಗೆ ನೆರಳು, ಕುಡಿಯಲು ನೀರು ಬೇಕೇ ಬೇಕು; ಕಣ್ಣಿನ ಪೊರೆಗೂ ಬಿಸಿಲಿನ ಏಟಿಗೂ ಅದು ಒಳ್ಳೆಯದು. ನೈಋತ್ಯದ ಬಿಸಿಲಿಗೆ ಅಡಿಕೆ ಮರದ ಕಾಂಡ ಸೀಳೀತೆಂದು ಸೋಗೆ ಕಟ್ಟುವ ನಾವು ಆಳುಗಳ ತಲೆಯನ್ನು ಮರೆಯಬಾರದು. ಮಕ್ಕಳು ಮೆಲ್ಬರ್ನ್, ಸಿಡ್ನಿಗಳಲ್ಲಿದ್ದರೆ ಅಲ್ಲಿಯ ಶಾಲೆಯ ಹ್ಯಾಟಿನ ನಿಯಮವನ್ನು ಹಗುರವಾಗಿ ಕಾಣದಿರಲು ಹೇಳಿ.

ಕೊನೆಯದಾಗಿ ತೋಟದ ಯಜಮಾನರಿಗೆ ಒಂದು ಮಾತು. ಲೈನು ಮನೆಯ ಆಳು ಕಾಲಿನ ಹುಣ್ಣನ್ನು ತಾನಾಗಿ ಹೇಳುವುದಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಬಳ ಹೋಗುತ್ತದೆಂದು ಅವನಿಗೆ ಗೊತ್ತು. ಬಟವಾಡೆಯ ದಿನ ರೈಟರು, ಮೇಸ್ತ್ರಿಗಳು ಮಾಯದ ಗಾಯ ಯಾರಿಗಿದೆ ಎಂದು ಒಮ್ಮೆ ಕೇಳಲಿ. ಇದ್ದವರನ್ನು ಸಂಬಳ ಹಿಡಿಯದೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ. ಅಲ್ಲಿಂದ ಮುಂದಕ್ಕೆ ಜಿಲ್ಲಾಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಿವೆ. ಪಡಿತರ ಚೀಟಿಯಿದ್ದ ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುತ್ತದೆ. ಚರ್ಮದ ಕ್ಯಾನ್ಸರ್ ಕಣ್ಣಿಗೆ ಕಾಣುವ ಕ್ಯಾನ್ಸರ್. ಅದನ್ನು ಕಂಡುಹಿಡಿಯಲು ಮೊದಲು ಬೇಕಾದುದು ಯಂತ್ರವಲ್ಲ, ನೋಡುವ ಮನಸ್ಸು.